ಅಕ್ಷರವಿಲ್ಲದ ಕೀಬೋರ್ಡ್

ವಚನಾಳ ಮಣಿಕಟ್ಟಿನ ನೋವಿಗೆ ಚಂದ್ರಾ ಲೇಔಟಿನ ಡಾಕ್ಟರು ಮುಲಾಮು ಬರೆದುಕೊಟ್ಟು, ಜೊತೆಗೊಂದು ಹೆದರಿಕೆಯನ್ನೂ ಕೊಟ್ಟು ಕಳಿಸಿದರು. "ಹೀಗೇ ಟೈಪ್ ಮಾಡ್ತಾ ಇದ್ರೆ ಎರಡು ವರ್ಷದಲ್ಲಿ ಲೋಟ ಹಿಡಿಯೋಕೂ ಆಗಲ್ಲಮ್ಮ." ಕೋಡ್ ಬರೆದು ಅನ್ನ ತಿನ್ನುವವಳಿಗೆ ಕೈಯೇ ಹೋದರೆ ಉಳಿಯುವುದೇನು?

ತಪ್ಪೆಲ್ಲ ಕೀಬೋರ್ಡಿನದು ಎಂದು ಆಫೀಸಿನ ದರ್ಶನ್ ತಲೆಗೆ ತುಂಬಿದ. ಅಕ್ಷರ ಕೂರಿಸಿರುವ ಕ್ರಮವೇ ಸರಿಯಿಲ್ಲವಂತೆ, ಬೇರೆ ಲೇಔಟಿಗೆ ಹೋದರೆ ಬೆರಳು ಇಷ್ಟು ಓಡಾಡಬೇಕಿಲ್ಲವಂತೆ. ಡ್ವೊರಾಕ್ ಎಂಬ ಲೇಔಟ್ ನೋಡಿದಳು, ಬ್ರಾಕೆಟ್ಟುಗಳು ಕಿರುಬೆರಳಿನ ಪ್ರಾಣ ತಿಂದವು. ಕೋಲ್‌ಮ್ಯಾಕ್ ನೋಡಿದಳು, ಸೆಮಿಕೋಲನ್ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಕೊನೆಗೆ ನಾಯಂಡಹಳ್ಳಿಯಲ್ಲಿ ಹಳೇ ಕಂಪ್ಯೂಟರ್ ಮಾರುವ ಪುರುಷೋತ್ತಮನ ಗೋಡೌನಿನಲ್ಲಿ, ಕೀಗಳ ಮೇಲೆ ಒಂದಕ್ಷರವೂ ಇಲ್ಲದ ಕೀಬೋರ್ಡ್ ಸಿಕ್ಕಿತು.

"ಲೇಔಟ್ ಇದರೊಳಗೇ ಇದೆ ಮೇಡಂ. ಯಾರೋ ಪ್ರೋಗ್ರಾಮರ್ ತಮಗೆ ಬೇಕಾದಂಗೆ ಮಾಡ್ಕೊಂಡಿದ್ದು," ಅಂದ ಪುರುಷೋತ್ತಮ.

"ಅವರೀಗ ಎಲ್ಲಿ?"

"ಬಿಟ್ಟು ಹೋದ್ರು." ಏನನ್ನು ಬಿಟ್ಟರು, ಎಲ್ಲಿಗೆ ಹೋದರು ಎಂದು ಅವಳು ಕೆದಕಲಿಲ್ಲ.

ಆ ಲೇಔಟನ್ನು ಕಲಿಯಬೇಕಾಗಲೇ ಇಲ್ಲ. ಬೆರಳು ಎಲ್ಲಿ ಬಿದ್ದರೂ ಬೇಕಾದ ಅಕ್ಷರ ಅಲ್ಲಿಯೇ ಕಾದಿರುತ್ತಿತ್ತು. ವಾರದೊಳಗೆ ನೋವು ಮಂಗಮಾಯ. ಪುಕ್ಕಟೆ ಸುಖವನ್ನು ಯಾರು ತಾನೇ ಪ್ರಶ್ನಿಸುತ್ತಾರೆ, ಇವಳೂ ಪ್ರಶ್ನಿಸಲಿಲ್ಲ.

ಒಂದೇ ಕಾಟ. ಕೋಡಿನ ನಡುವೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ನುಸುಳುತ್ತಿದ್ದವು: ಕೆ, ಕ್ಯಾಪಿಟಲ್ ವೈ, ಆಮೇಲೆ ಬಿ, ಐ, ಡಬ್ಲ್ಯು, ಯು. ಅಳಿಸಿದಷ್ಟೂ ಅವೇ ಬರುತ್ತಿದ್ದವು.

ಭಾನುವಾರ ಬೆಳಿಗ್ಗೆ ಕಾಫಿ ತಂದ ಅಮ್ಮ ಶಿವಗಂಗಮ್ಮ ಪರದೆ ನೋಡಿ ನಿಂತರು. ರಾಜಾಜಿನಗರದ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಕುಟ್ಟಿದವರು ಅವರು. ನುಡಿಯಲ್ಲಿ ಇಂಗ್ಲಿಷ್ ಕೀ ಒತ್ತಿದರೆ ಕನ್ನಡದ ಅಕ್ಷರ ಬೀಳುತ್ತದೆ, ಕ್ಯಾಪಿಟಲ್ ವೈ ಒತ್ತಿದರೆ ಐ, ಡಬ್ಲ್ಯು ಒತ್ತಿದರೆ ಡ. ಕನ್ನಡ ಆನ್ ಮಾಡಲು ಮರೆತು ಪುಟಗಟ್ಟಲೆ ಬಡಿದು, ಆ ಇಂಗ್ಲಿಷನ್ನೇ ಕನ್ನಡವಾಗಿ ಓದಿಕೊಂಡು ತಮ್ಮನ್ನು ತಾವೇ ಬೈದುಕೊಂಡ ಅಭ್ಯಾಸ ಅವರದು.

"'ಕೈ ಬಿಡು' ಅಂತ ಯಾರಿಗೆ ಬರೀತಾ ಇದೀಯೇ?"

ನುಡಿಯ ಗಂಧಗಾಳಿಯೂ ಇಲ್ಲದ ತಾನು ಅದನ್ನು ಬರೆದಿರಲು ಸಾಧ್ಯವೇ ಇಲ್ಲ ಎಂದು ವಚನಾಳಿಗೆ ಗೊತ್ತಾಯಿತು. ಆ ಕೀಬೋರ್ಡಿನ ವೈರು ಕಿತ್ತು, ಹಳೆಯದನ್ನು ಚುಚ್ಚಿ, ತನ್ನ ಹೆಸರು ಬರೆಯಲು ಹೋದಳು. ಬೆರಳುಗಳು ತಾವಾಗಿಯೇ ಓಡಿ ಆ ಆರು ಅಕ್ಷರಗಳನ್ನೇ ಬರೆದವು. ಮತ್ತೆ ಬರೆದವು.

"ಅಮ್ಮಾ, ಇದು ನಾನಲ್ಲ! ನನ್ ಕೈ ನನ್ ಮಾತು ಕೇಳ್ತಿಲ್ಲ!"

 ಕೀಬೋರ್ಡಿನೊಳಗೆ ಇರುವವರು 'ಕೈ ಬಿಡು' ಎಂದು ಬಿಡುಗಡೆ ಬೇಡುತ್ತಿಲ್ಲ, ಮಗಳ ಕೈಯನ್ನೇ ತಮಗೆ ಬಿಟ್ಟುಕೊಡು ಎನ್ನುತ್ತಿದ್ದಾರೆ ಎಂದು ತಾಯಿಗೆ ಹೊಳೆಯಿತು. ಮಗಳನ್ನು ಕುರ್ಚಿಯಿಂದ ಎಬ್ಬಿಸಿ, ಅಕ್ಷರವಿಲ್ಲದ ಕೀಬೋರ್ಡನ್ನು ಮತ್ತೆ ಸಿಕ್ಕಿಸಿ ಕೂತರು. ಅವರ ಬೆರಳಿಗೂ ಪ್ರತಿ ಅಕ್ಷರ ಇದ್ದಲ್ಲೇ ಸಿಕ್ಕಿತು. ಬರೆದದ್ದನ್ನು ಬಾಯಿಬಿಟ್ಟು ಹೇಳುತ್ತಲೇ ಹೋದರು.

"ನನ್ನ ಮಗಳ ಕೈ ನೀನು ಬಿಡು."

ವಚನಾಳ ಬೆರಳುಗಳು ಗಾಳಿಯಲ್ಲೇ ಕುಟ್ಟುತ್ತಿದ್ದವು. ಶಿವಗಂಗಮ್ಮ ಅವನ್ನು ನೋಡಿ ಇನ್ನೊಂದು ಸಾಲು ಸೇರಿಸಿದರು.

"ಬೇಕಿದ್ರೆ ನನ್ನ ಕೈ ಹಿಡಿ."

ಮಗಳ ಬೆರಳುಗಳು ತಟ್ಟನೆ ನಿಂತವು. ಮಣಿಕಟ್ಟಿನಲ್ಲಿ ಅದೇ ನೋವು ಚುಚ್ಚಿತು. ಅದು ತನ್ನದೇ ನೋವು ಎಂಬ ಖುಷಿಗೆ ಅವಳು ಅತ್ತುಬಿಟ್ಟಳು. "ಬಿಡ್ತು ಅಮ್ಮ, ಬಿಡ್ತು!"

ಅಮ್ಮ ತಿರುಗಲಿಲ್ಲ. ಪರದೆಯ ಮೇಲೆ ಎಸ್, ಆರ್, ಐ ಮೂಡಿದವು.

"ಏನಂತಮ್ಮ?"

"'ಸರಿ' ಅಂತೆ." ಶಿವಗಂಗಮ್ಮ ಕೀಗಳ ಮೇಲಿಂದ ಕೈ ಎತ್ತಲು ನೋಡಿದರು. ಒಂದು ಬೆರಳೂ ಏಳಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಮಗಳತ್ತ ಮುಖ ತಿರುಗಿಸಿ ಮೆಲ್ಲಗೆ ಹೇಳಿದರು: "ಸ್ಟವ್ ಮೇಲೆ ಬೇಳೆ ಇಟ್ಟಿದೀನಿ. ನೀನೇ ಹೋಗಿ ಉರಿ ಆರಿಸಿ ಬಾ ಪುಟ್ಟಾ."