ಬೆಳಗಿನ ಪಾಳಿ

ಎಡಗಾಲಿನ ಲೇಸು ಕಟ್ಟಿ ಬಲಗಾಲಿಗೆ ಕೈ ಹಾಕುವಷ್ಟರಲ್ಲಿ ಹೆಂಡತಿ ಬಂದು ಬಾಗಿಲಿಗೆ ಅಡ್ಡ ನಿಂತಳು. ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ದೀಪ ಹಾಕಿದರೆ ಅಮ್ಮನಿಗೆ ಎಚ್ಚರವಾಗುತ್ತದೆಂದು ಅವನು ದಿನಾ ಕತ್ತಲಲ್ಲೇ ಕೂತು ಶೂ ಹಾಕಿಕೊಳ್ಳುತ್ತಿದ್ದ. ಅಡುಗೆಮನೆಯಿಂದ ಬೀಳುತ್ತಿದ್ದ ಬೆಳಕಿನಲ್ಲಿ ಅವಳ ಮುಖ ಕಾಣಲಿಲ್ಲ, ಕಾಲು ಮಾತ್ರ ಕಂಡಿತು. ಹಿಮ್ಮಡಿ ಸವೆದುಹೋಯಿತೆಂದು ಅವನು ಹೋದ ವರ್ಷ ಮಂಚದ ಕೆಳಗೆ ತಳ್ಳಿದ್ದ ನೀಲಿ ಶೂ ಅವಳ ಕಾಲಲ್ಲಿತ್ತು.

"ಇವತ್ತು ನಾನು ಹೋಗಿ ಬರ್ತೀನಿ. ನೀವು ಮನೇಲಿರಿ."

"ಎಲ್ಲಿಗೆ?"

"ನೀವು ದಿನಾ ಎಲ್ಲಿಗೆ ಹೋಗ್ತೀರೋ ಅಲ್ಲಿಗೆ."

ಅವನಿಗೆ ನಗು ಬಂತು. "ತಮಾಷೆ ಮಾಡ್ಬೇಡ. ಇವತ್ತು ಹದಿನೆಂಟು ಕಿಲೋಮೀಟರ್ ಓಡ್ಬೇಕು. ಔಷಧಿ ಅಂಗಡಿಯವರು ಜೊತೆಗೆ ಓಡೋಕೆ ಮೈದಾನದ ಹತ್ತಿರ ಕಾಯ್ತಿರ್ತಾರೆ. ದೊಡ್ಡ ಓಟಕ್ಕೆ ಇನ್ನು ಐದೇ ವಾರ ಇರೋದು."

"ಕಾಯಲಿ ಬಿಡಿ. ಐದೂ ಕಾಲಿಗೆ ಅತ್ತೇನ ಮಗ್ಗುಲು ಬದಲಿಸ್ಬೇಕು, ಡಯಾಪರ್ ತೆಗೀಬೇಕು. ಬಿಸಿನೀರು ಬಕೆಟ್‌ನಲ್ಲಿದೆ, ಪೌಡರು ಕಿಟಕಿ ಮೇಲಿದೆ. ಸೊಂಟದ ಮೂಳೆ ಹತ್ತಿರ ಚರ್ಮ ಕೆಂಪಗಾಗಿದೆ, ಅಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ."

ಸಿಟ್ಟಿನಿಂದ ಹೇಳಿದ್ದರೆ ಅವನೂ ಏನಾದರೂ ಅನ್ನುತ್ತಿದ್ದ. ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಇದು ಓದೋದಕ್ಕೆ, ಇದು ದೂರ ನೋಡೋದಕ್ಕೆ, ಒರೆಸೋಕೆ ಈ ಬಟ್ಟೆ ಎಂದು ಗಿರಾಕಿಗೆ ಒಪ್ಪಿಸುವ ದನಿಯಲ್ಲೇ ಇದನ್ನೂ ಹೇಳಿ ಮುಗಿಸಿದಳು. ಅವನ ಒಂದು ಕಾಲಿನ ಲೇಸು ಇನ್ನೂ ಬಿಚ್ಚಿಕೊಂಡೇ ಇತ್ತು. ಅವಳು ದಾಟಿ ಹೋದಳು. ದೊಗಳೆ ಶೂಗಳು ಮೂರು ಮಹಡಿ ಪಟಪಟ ಬಡಿಯುತ್ತಾ ಇಳಿದದ್ದನ್ನು ಅವನು ಕೂತಲ್ಲೇ ಕೇಳಿದ.

ಅವನಿಗೆ ನಲವತ್ತೊಂಬತ್ತು ವರ್ಷ. ಲಿಫ್ಟ್ ರಿಪೇರಿ ಅವನ ಕೆಲಸ. ದಿನವಿಡೀ ಲಿಫ್ಟಿನ ತಳದ ಹಳ್ಳಗಳಲ್ಲೂ ತಾರಸಿಯ ಮೇಲಿನ ಮೋಟಾರು ಕೋಣೆಗಳಲ್ಲೂ ಗ್ರೀಸು ಮೆತ್ತಿಕೊಂಡು ಇರುವವನು. ನಾಲ್ಕು ವರ್ಷದ ಹಿಂದೆ ಡಾಕ್ಟರು ರಕ್ತದಲ್ಲಿ ಸಕ್ಕರೆ ಅಂಶ ಜಾಸ್ತಿಯಾಗಿದೆ, ನಡೀರಿ ಅಂದರು. ನಡೆಯುತ್ತಾ ನಡೆಯುತ್ತಾ ಒಂದು ದಿನ ಮೈದಾನದ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ಓಡಿ ನೋಡಿದ. ಉಸಿರು ಕಟ್ಟಿತು, ಹೊಟ್ಟೆ ಹಿಡಿದುಕೊಂಡು ಕೂತ. ಆದರೆ ಆ ಎರಡು ನಿಮಿಷದಲ್ಲಿ ಯಾವ ಲಿಫ್ಟೂ ಯಾವ ಸಿಕ್ಕಿಬಿದ್ದ ಮನುಷ್ಯನೂ ತಲೆಯಲ್ಲಿ ಇರಲಿಲ್ಲ. ಮರುದಿನವೂ ಓಡಿದ. ಈಗ ವಾರಕ್ಕೆ ಆರು ದಿನ. ಭಾನುವಾರ ಮೂರು ಗಂಟೆ ಓಡಿ ಬಂದು, ಉಂಡು, ಮಧ್ಯಾಹ್ನವಿಡೀ ಮರದ ದಿಮ್ಮಿಯ ಹಾಗೆ ಮಲಗುತ್ತಿದ್ದ. ಕೆಲಸದ ಕಡೆ ಎಲ್ಲರೂ 'ಕುದುರೆ' ಅನ್ನುತ್ತಿದ್ದರು. ಅವನಿಗದು ಬೇಸರವಾಗುತ್ತಿರಲಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಒಂಬತ್ತು ತಿಂಗಳಾಗಿತ್ತು. ಆಪರೇಷನ್ ಆಯಿತು, ಮೂಳೆ ಕೂಡಿತು, ಕಾಲಿಗೆ ಮಾತ್ರ ಬಲ ಬರಲಿಲ್ಲ. ಅಮ್ಮನನ್ನು ನೋಡಿಕೊಳ್ಳುತ್ತಿದ್ದೇವೆ ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಅದು ಸುಳ್ಳು ಅನ್ನಿಸಿರಲಿಲ್ಲ.

ಅಮ್ಮನ ಕೋಣೆಯ ದೀಪ ಹಾಕಿದ. ಅಮ್ಮ ಎಚ್ಚರವಾಗಿಯೇ ಇದ್ದಳು.

"ಅವಳೆಲ್ಲಿ?"

"ಹೊರಗೆ ಹೋಗಿದ್ದಾಳಮ್ಮ. ಇವತ್ತು ನಾನು ಮಾಡ್ತೀನಿ."

"ಏನು ಮಾಡ್ತೀಯ?"

"ಅದೇ... ಬಟ್ಟೆ ಬದಲಿಸೋದು."

ಅಮ್ಮ ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಗಲ್ಲದವರೆಗೆ ಎಳೆದುಕೊಂಡಳು. "ಬೇಡ. ಅವಳು ಬರಲಿ."

"ತಡ ಆಗುತ್ತೆ."

"ಆಗಲಿ. ನನಗೇನು ಅವಸರ, ಆಫೀಸಿಗೆ ಹೋಗ್ಬೇಕಾ?"

ಅವನು ಸ್ಟೂಲಿನ ಮೇಲೆ ಕೂತ. ವಾಸನೆ ಬರುತ್ತಿತ್ತು. ಅಮ್ಮನಿಗೂ ಗೊತ್ತಾಗುತ್ತಿತ್ತು, ಅದಕ್ಕೇ ಅವಳು ಮಾಡಿನ ಫ್ಯಾನನ್ನೇ ನೋಡುತ್ತಿದ್ದಳು. ಬಕೆಟ್ಟಿನ ನೀರು ಆರುತ್ತಾ ಬಂತು. ಹೆಂಡತಿಗೆ ಫೋನು ಮಾಡಿದ. ಅದು ಅಡುಗೆಮನೆಯ ಬ್ರೆಡ್ಡಿನ ಡಬ್ಬಿಯ ಮೇಲೆಯೇ ಹೊಡೆದುಕೊಂಡಿತು.

ಆ ಸದ್ದಿಗೆ ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಕಾಲೇಜಿನ ಮೊದಲ ವರ್ಷ, ಅವತ್ತು ಅವಳಿಗೆ ಪರೀಕ್ಷೆ. ನೀರು, ಟವೆಲು, ಪೌಡರು, ಸ್ಟೂಲಿನ ಮೇಲೆ ಕೂತ ಅಪ್ಪ, ಎಲ್ಲವನ್ನೂ ಒಂದು ಸಲ ನೋಡಿದಳು.

"ನಾನು ಮಾಡ್ಲಾ ಅಪ್ಪಾ?"

"ನಿನಗೆ ಬರುತ್ತಾ?"

"ಅಮ್ಮನಿಗೆ ಭುಜ ನೋವಿದ್ದಾಗ ನಾನೇ ತಾನೆ ಮಾಡೋದು. ಹೋದ ತಿಂಗಳು ಪೂರ್ತಿ ಮಾಡಿದೀನಿ."

ಹೋದ ತಿಂಗಳು ಹೆಂಡತಿಗೆ ಭುಜ ನೋವಿತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹೋದ ತಿಂಗಳು ತಾನು ಓಡಿದ್ದು ಇನ್ನೂರ ಹನ್ನೆರಡು ಕಿಲೋಮೀಟರ್ ಎಂಬುದು ಗೊತ್ತಿತ್ತು. "ಹೋಗು, ಓದ್ಕೋ," ಅಂದ.

ಐದೂ ಮುಕ್ಕಾಲಾಯಿತು. ಅಮ್ಮನೇ ಬಾಯಿ ಬಿಟ್ಟಳು. "ದೀಪ ಆರಿಸು."

ಆರಿಸಿದ. ಕಿಟಕಿಯಿಂದ ಬೂದಿ ಬಣ್ಣದ ಬೆಳಕು ಒಂದಿಷ್ಟು ಬರುತ್ತಿತ್ತು. ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವನು ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು ಎತ್ತಲು ಹೋದ. ಅಮ್ಮ ಚೀರಿದಳು. ಟನ್ನುಗಟ್ಟಲೆ ತೂಕದ ಲಿಫ್ಟನ್ನು ಬ್ರೇಕಿನ ಹಿಡಿ ಸಡಿಲಿಸಿ ಇಂಚಿಂಚಾಗಿ ಇಳಿಸಬಲ್ಲವನು, ನಲವತ್ತು ಕಿಲೋ ಇಲ್ಲದ ಅಮ್ಮನ ಮುಂದೆ ಏನು ಮಾಡಬೇಕೆಂದು ತೋಚದೆ ನಿಂತ.

"ಎತ್ತಬಾರದು," ಅಮ್ಮ ಗೋಡೆಗೆ ಹೇಳಿದಳು. "ಮೊದಲು ಮೊಣಕಾಲು ಮಡಚು. ಕೆಳಗಿರೋ ಬಟ್ಟೆ ಹಿಡಿದು ನಿನ್ನ ಕಡೆ ಎಳಿ. ಅವಳು ಹಾಗೇ ಮಾಡೋದು."

ಅಮ್ಮ ಹೇಳುತ್ತಾ ಹೋದಳು, ಅವನು ಮಾಡುತ್ತಾ ಹೋದ. ತಣ್ಣಗಾದ ನೀರು ತಾಗಿದಾಗ ಅವಳು ಉಸಿರು ಹಿಡಿದಳೇ ಹೊರತು ಬೈಯಲಿಲ್ಲ. ಕೆಂಪಗಾದ ಜಾಗ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಅಂಗೈಯಷ್ಟು. ಅಲ್ಲಿ ಒತ್ತಿ ಒರೆಸಿದ. ಎಲ್ಲ ಮುಗಿದಾಗ ಅವನ ಬೆನ್ನು ಹತ್ತು ಕಿಲೋಮೀಟರ್ ಓಡಿದವರ ಹಾಗೆ ನೆನೆದಿತ್ತು.

"ನಿಮ್ಮಪ್ಪ ಇದ್ದಿದ್ರೆ ಅವರ ಕೈಲೂ ಇದನ್ನ ಮಾಡಿಸ್ಕೋತಿರ್ಲಿಲ್ಲ," ಅಂದಳು ಅಮ್ಮ. ಆಮೇಲೆ ಕಣ್ಣು ಮುಚ್ಚಿಕೊಂಡಳು. ಅವನು ಚಹಾ ತಂದಾಗಲೂ ತೆರೆಯಲಿಲ್ಲ.

ಹೆಂಡತಿ ಬಂದದ್ದು ಆರೂವರೆಗೆ. ಮುಖದಲ್ಲಿ ಬೆವರಿರಲಿಲ್ಲ. ಶೂ ಬಿಚ್ಚಿದಾಗ ಒಳಗಿಂದ ಉಂಡೆ ಮಾಡಿ ತುರುಕಿದ್ದ ಎರಡು ಕಾಲುಚೀಲ ಉರುಳಿದವು.

"ಓಡಿದ್ಯಾ?"

"ಇಲ್ಲ. ಮೈದಾನದ ಪಕ್ಕ ಬೆಂಚಿದೆಯಲ್ಲ, ಅಲ್ಲಿ ಕೂತಿದ್ದೆ."

"ಒಂದೂವರೆ ಗಂಟೆ?"

"ಹೂಂ. ಯಾರೂ ನನ್ನ ಕರೀಲಿಲ್ಲ."

ಅವನು ಏನೋ ಹೇಳಲು ಹೋದ. ಅವಳು ಕೈ ಎತ್ತಿ ತಡೆದಳು. "ಮೊನ್ನೆ ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನ ಬಲಗಡೆ ಕೂರಿಸಿ ಕೊಟ್ಟುಬಿಟ್ಟೆ. ಹದಿನಾರು ವರ್ಷದಲ್ಲಿ ಒಂದು ಸಲವೂ ಹಾಗೆ ಮಾಡಿದವಳಲ್ಲ. ಆ ಯಜಮಾನರು ಅಂಗಡಿಯ ಮೆಟ್ಟಿಲಲ್ಲೇ ಮುಗ್ಗರಿಸಿದರು. ನನಗೆ ಪಾಪ ಅನ್ನಿಸ್ಬೇಕಿತ್ತು, ಅನ್ನಿಸಲಿಲ್ಲ. ನಿಂತಲ್ಲೇ ನಿದ್ದೆ ಬರ್ತಿತ್ತು, ಅಷ್ಟೆ." ಕಾಲುಚೀಲಗಳನ್ನು ಎತ್ತಿ ಬಕೆಟ್ಟಿಗೆ ಹಾಕಿದಳು. "ನಿಮ್ಮ ಓಟ ಬೇಡ ಅಂತ ನಾನು ಹೇಳ್ತಿಲ್ಲ. ವಾರದಲ್ಲಿ ಮೂರು ದಿನ ಬೆಳಿಗ್ಗೆ ನನಗೆ ಬೇಕು."

"ಆ ಬೆಂಚಿನ ಮೇಲೆ ಕೂರೋದಕ್ಕಾ?"

"ಕೂರೋದಕ್ಕೇ."

ಹೀಗೆ ಬೆಳಗಿನ ಪಾಳಿ ಶುರುವಾಯಿತು. ಸೋಮ, ಬುಧ, ಶುಕ್ರ ಅವಳು ಬೆಂಚಿಗೆ, ಅವನು ಅಮ್ಮನ ಹತ್ತಿರ. ಉಳಿದ ದಿನ ಅವನು ಓಟಕ್ಕೆ. ಮೊದಲ ವಾರ ಅಮ್ಮ ದೀಪ ಹಾಕಲು ಬಿಡಲಿಲ್ಲ. ಎರಡನೆಯ ವಾರ ಅವಳೇ, "ಕತ್ತಲಲ್ಲಿ ಪೌಡರೆಲ್ಲಾ ನೆಲಕ್ಕೆ ಹಾಕ್ತಿದ್ದೀಯ, ದೀಪ ಹಾಕು," ಅಂದಳು. ಅಷ್ಟಾದರೂ ಮುಖ ಗೋಡೆಯ ಕಡೆಗೇ ಇರುತ್ತಿತ್ತು. ಗೋಡೆಯನ್ನು ನೋಡುತ್ತಲೇ ಅವಳು ಒಮ್ಮೊಮ್ಮೆ ಮಾತಾಡುತ್ತಿದ್ದಳು. ಅವನು ಹುಟ್ಟಿದಾಗ ಎಷ್ಟು ಅಳುತ್ತಿದ್ದ, ಅವನಪ್ಪ ಎಷ್ಟು ಗೊರಕೆ ಹೊಡೆಯುತ್ತಿದ್ದರು, ಸೊಸೆಯ ಕೈ ಎಷ್ಟು ಹಗುರ, ಇವನದು ಎಷ್ಟು ಒರಟು.

ಮೈದಾನದ ಬಳಿ ಔಷಧಿ ಅಂಗಡಿಯವರು ತಲೆ ಅಲ್ಲಾಡಿಸಿದರು. ಐವತ್ತೆರಡರ ಮನುಷ್ಯ, ಮೂರು ದೊಡ್ಡ ಓಟ ಮುಗಿಸಿದವರು. "ವಾರಕ್ಕೆ ಮೂರೋ ನಾಲ್ಕೋ ದಿನ ಓಡಿ ನಲವತ್ತೆರಡು ಕಿಲೋಮೀಟರ್‌ಗೆ ಹೋಗ್ತೀರಾ? ಮೂವತ್ತು ದಾಟಿದ ಮೇಲೆ ಕಾಲು ನಿಮ್ಮ ಮಾತು ಕೇಳಲ್ಲ ಸ್ವಾಮಿ. ಮನೇಲಿ ಒಂದು ತಿಂಗಳು ಹೇಗಾದರೂ ಸುಧಾರಿಸ್ಕೊಳ್ಳೋಕೆ ಹೇಳಿ."

"ಒಂಬತ್ತು ತಿಂಗಳಿಂದ ಸುಧಾರಿಸ್ಕೊಂಡಿದ್ದಾರೆ," ಅಂದ ಅವನು. ಇಬ್ಬರೂ ಓಡತೊಡಗಿದರು. ಸ್ವಲ್ಪ ಹೊತ್ತಿಗೆ ಅವರು ಮುಂದಾದರು.

ಓಟದ ದಿನ ಇಪ್ಪತ್ತು ಕಿಲೋಮೀಟರಿನವರೆಗೆ ಎಲ್ಲ ಚೆನ್ನಾಗಿತ್ತು. ರಸ್ತೆಯ ಎರಡೂ ಬದಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನಿಗೂ ಯಾರೋ ತಟ್ಟಿದರು, ಅವನು ಕೈ ಬೀಸಿದ. ಇಪ್ಪತ್ತೆಂಟಕ್ಕೆ ತೊಡೆ ಬಿಗಿಯಿತು. ಮೂವತ್ತೊಂದಕ್ಕೆ ನಡೆಯಲು ಶುರುಮಾಡಿದ. ಚಪ್ಪಾಳೆಯವರೆಲ್ಲ ಮನೆಗೆ ಹೋಗಿದ್ದರು. ಬಿಸಿಲೇರಿದ ರಸ್ತೆಯಲ್ಲಿ ಕಾಲಿಗೆ ತೊಡರುವ ಕಾಗದದ ಲೋಟಗಳು ಮಾತ್ರ ಇದ್ದವು. ವಾರದ ಆ ಮೂರು ದಿನವೂ ತನಗೇ ಇದ್ದಿದ್ದರೆ, ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಅನ್ನಿಸುತ್ತಲೇ ಇತ್ತು. ಅವಳು ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾಳೆ, ಸುಮ್ಮನೆ, ಎಂದು ಜೋರಾಗಿಯೇ ಹೇಳಿಕೊಂಡ. ಪಕ್ಕದಲ್ಲಿ ಕುಂಟುತ್ತಿದ್ದ ಹೆಂಗಸು ತಿರುಗಿ ನೋಡಿದಳು.

ಮೂವತ್ತಮೂರನೆಯ ಕಿಲೋಮೀಟರಿನಲ್ಲಿ ಹಿಂದೆ ಉಳಿದವರನ್ನು ಎತ್ತಿಕೊಳ್ಳುವ ಬಸ್ಸು ಬಂದು ಪಕ್ಕದಲ್ಲಿ ನಿಂತಿತು. ಡ್ರೈವರು ಬಾಗಿಲು ತೆರೆದ. "ಹತ್ತಿ ಸಾರ್, ಸಂಕೋಚ ಬೇಡ. ಒಳಗೆಲ್ಲಾ ನಿಮ್ಮವರೇ."

ಅವನು ಮೆಟ್ಟಿಲಿಗೆ ಕಾಲಿಡಲು ನೋಡಿದ, ಕಾಲು ಏಳಲಿಲ್ಲ. ಒಳಗಿನಿಂದ ಯಾರೋ ತೋಳು ಹಿಡಿದು ಎಳೆದರು. ಬಸ್ಸಿನಲ್ಲಿ ಒಬ್ಬರ ಕೈಯಿಂದ ಒಬ್ಬರಿಗೆ ಒಂದು ನೀರಿನ ಬಾಟಲಿ ಹೋಗುತ್ತಿತ್ತು. ಎಲ್ಲರೂ ಎದೆಯ ಮೇಲಿನ ಅಂಕಿಯ ಚೀಟಿಯನ್ನು ಬಿಚ್ಚಿ ಮಡಚಿ ಜೇಬಿಗೆ ಹಾಕಿಕೊಂಡಿದ್ದರು. ಅವನೂ ಬಿಚ್ಚಿದ.

ಮನೆ ತಲುಪಿದಾಗ ಹನ್ನೆರಡು ಗಂಟೆ. ಊರಿನ ಲಿಫ್ಟುಗಳನ್ನೆಲ್ಲ ಸರಿಮಾಡುವವನ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು ಏರಿ ಎರಡನೆಯ ಮಹಡಿ ದಾಟಿದ. ಅಲ್ಲಿಂದ ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದ.

"ಎಲ್ಲಿದ್ದೀರಿ?"

"ಇಲ್ಲೇ. ಮನೆ ಕೆಳಗೆ, ಮೆಟ್ಟಿಲ ಮೇಲೆ."

ಮೇಲಿನ ಬಾಗಿಲು ತೆರೆಯಿತು. ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಇಳಿದು ಬಂದು ಅವನ ಉಪ್ಪುಗಟ್ಟಿದ ಮುಖ ನೋಡಿದಳು.

"ಮುಗೀತಾ?"

"ಇಲ್ಲ. ಒಂಬತ್ತು ಕಿಲೋಮೀಟರ್ ಉಳೀತು. ಬಸ್ಸಿನಲ್ಲಿ ಬಂದೆ."

ಅವಳು ಅಯ್ಯೋ ಅನ್ನಲಿಲ್ಲ, ಮುಂದಿನ ವರ್ಷ ಆಗುತ್ತೆ ಬಿಡಿ ಅಂತಲೂ ಅನ್ನಲಿಲ್ಲ.

"ನಿನ್ನ ಮೇಲೆ ಸಿಟ್ಟು ಬಂದಿತ್ತು," ಅಂದ ಅವನು. "ದಾರೀಲಿ."

"ಬರ್ಲಿ ಬಿಡಿ. ನನಗೆ ಒಂಬತ್ತು ತಿಂಗಳು ದಿನಾ ಬರ್ತಿತ್ತು."

"ಅಮ್ಮ?"

"ಬೆಳಿಗ್ಗೆಯಿಂದ ಮೂರು ಸಲ ಕೇಳಿದರು, ಅವನು ಬಂದ್ನಾ ಅಂತ. ಈಗ ಮಲಗಿದ್ದಾರೆ. ಮಗಳು ಹತ್ತಿರ ಇದ್ದಾಳೆ."

ಎಬ್ಬಿಸಲೆಂದು ಕೈ ಕೊಟ್ಟಳು. ಅವನು ಆ ಕೈ ಹಿಡಿದ, ಏಳಲಿಲ್ಲ. ಒಂದು ಕ್ಷಣ ಬಗ್ಗಿ ನಿಂತಿದ್ದು, ಅವಳೂ ಅವನ ಪಕ್ಕದಲ್ಲೇ ಕೂತಳು. ಗೋಡೆಗೆ ಒರಗಿದಳು. ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದಾಳೇನೋ ಎಂದು ಕೇಳಬೇಕೆನ್ನಿಸಿತು, ಅವನು ಕೇಳಲಿಲ್ಲ.

ಆ ಕಟ್ಟಡದ ಮೆಟ್ಟಿಲುಗಳಿಗೆ ಕಿಟಕಿ ಇಲ್ಲ. ಗುಂಡಿ ಒತ್ತಿದರೆ ದೀಪ ಎರಡು ನಿಮಿಷ ಉರಿದು ತಾನಾಗಿ ಆರುತ್ತದೆ. ಟಕ್ಕೆಂದು ಸದ್ದಾಗಿ ಕತ್ತಲಾಯಿತು. ಗುಂಡಿ ಅವಳ ಭುಜದ ಪಕ್ಕದಲ್ಲೇ ಇತ್ತು. ಅವಳು ಕೈ ಎತ್ತಲಿಲ್ಲ. ಕೆಳಗೆ ಯಾರದೋ ಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಪಾತ್ರೆ ತುಂಬಿತು, ನಿಂತಿತು. ಕತ್ತಲಲ್ಲಿ ಅವಳ ಉಸಿರು ನಿಧಾನವಾಗುತ್ತಾ ಬಂದು, ತಲೆ ಸರಿದು ಅವನ ಹೆಗಲಿಗೆ ಬಂದು ನಿಂತಿತು. ಅವನ ತೊಡೆಯ ಸ್ನಾಯು ಹಿಡಿದುಕೊಂಡು ಹಿಂಡುತ್ತಿತ್ತು. ಅವನು ಕಾಲು ಚಾಚಲಿಲ್ಲ.