ಹಕ್ಕಲ ಬೀಳದ ಜೋಳ

"ಉಡಿ ಬಿಚ್ಚ ಬೇ ರಂಡಿ! ನೀ ಬಿಚ್ಚತೀಯೋ, ಕೋಲ ಹಾಕಿ ನಾ ಬಿಚ್ಚಲ್ಯೋ?"

ಹಣಮಂತಗೌಡ ಬದುವಿನ ಮೇಲೆ ನಿಂತು ಒದರುತ್ತಿದ್ದ. ಅರ್ಧ ಬಿಜ್ಜರಗಿ ಊರಿಗೆ ಕೇಳುವ ಗಂಟಲು ಅವನದು. ಕೊಯ್ದು ಬೋಳಾದ ಹೊಲದಲ್ಲಿ ತಿಪ್ಪವ್ವ ಎರಡೂ ಕೈಯಿಂದ ಸೀರೆಯ ಉಡಿ ಬಿಗಿಹಿಡಿದು ನಿಂತಿದ್ದಳು. ಅದರಲ್ಲಿ ಇದ್ದದ್ದೇನು ಬಂಗಾರವೇ? ಮಣ್ಣು ಮೆತ್ತಿದ ನಾಲ್ಕಾರು ಜೋಳದ ತೆನೆ.

"ಯಪ್ಪಾ, ಹಕ್ಕಲ ಆರಿಸೇನ್ರಿ. ನಿಮ್ಮಪ್ಪಾರ ಕಾಲದಿಂದ ಆರಿಸ್ಕೋತ ಬಂದೇನ್ರಿ."

"ಈ ಜ್ವಾಳದಾಗ ಎಲ್ಲೀದ ಬೇ ಹಕ್ಕಲ? ಕಂಪನಿ ಜ್ವಾಳ ಇದು. ಒಂದ ಕಾಳ ಉದರಂಗಿಲ್ಲ, ಒಂದ ತೆನಿ ಬೀಳಂಗಿಲ್ಲ. ನಿನ್ನ ಉಡ್ಯಾಗ ಐತಿ ಅಂದ್ರ ನೀ ಕದ್ದೀ, ಅಷ್ಟ!"

ಪ್ರಯೋಗಾಲಯದಲ್ಲಿ ಜೀನ್ ತಿದ್ದಿ ತೆಗೆದ ತಳಿಯಂತೆ ಅದು. ಎಲ್ಲ ದಂಟೂ ಒಂದೇ ಎತ್ತರ, ಎಲ್ಲ ತೆನೆಯೂ ಒಂದೇ ಸಲಕ್ಕೆ ಮಾಗಬೇಕು. ಕೊಯ್ಲಿನ ಯಂತ್ರ ಹಾಯ್ದು ಹೋದರೆ ನೆಲದ ಮೇಲೆ ಏನೂ ಉಳಿಯಬಾರದು. ಬೆಳಿಗ್ಗೆ ಯಂತ್ರ ಹಾಯ್ದಿತ್ತು. ಮೂಲೆಯ ಬೇವಿನ ಗಿಡದ ಹತ್ತಿರ ತಿರುಗಲಾಗದೆ ಒಂದಿಷ್ಟು ದಂಟನ್ನು ಗಾಲಿಯಡಿ ತುಳಿದು ಬಿಟ್ಟುಹೋಗಿತ್ತು. ತಿಪ್ಪವ್ವ ಆರಿಸಿದ್ದು ಅವನ್ನೇ.

ಸುಗ್ಗಿಯ ಬಂಡಿ ಹೊಲ ದಾಟಿತೆಂದರೆ ನೆಲಕ್ಕೆ ಬಿದ್ದ ತೆನೆಯೆಲ್ಲ ಏನೂ ಇಲ್ಲದವರದು. ಅದೇ ಹಕ್ಕಲು. ಮೊದಲೆಲ್ಲ ಅದಕ್ಕೆ ಕೇರಿಯಿಂದ ಹೆಂಗಸರ ದಂಡೇ ಬರುತ್ತಿತ್ತು. ಜೋಡಿಗೆ ಗೆಳತಿ ಆಶಾಬಿ ಇರುತ್ತಿದ್ದಳು, ಬಗ್ಗಿದ ಸೊಂಟ ಮರೆಯುವ ಹಾಗೆ ನಗಿಸುತ್ತಿದ್ದಳು. ಆಶಾಬಿ ಮಣ್ಣು ಸೇರಿದಳು. ಉಳಿದವರು ರೇಷನ್ ಅಕ್ಕಿಗೆ ಒಗ್ಗಿಹೋದರು. ಮುದುಕಿಗೆ ಇನ್ನೂ ಹಕ್ಕಲಿನ ಚಟ ಎಂದು ನಕ್ಕರು. ನಗಲಿ ಬಿಡಿ. ರೊಟ್ಟಿ ತಟ್ಟದ ದಿನ ಅವಳಿಗೆ ಒಲೆ ಹಚ್ಚಿದಂತೆಯೇ ಆಗುತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಇತ್ತು, ಅದನ್ನವಳು ಯಾರ ಮುಂದೂ ಆಡಿದವಳಲ್ಲ. ಗಂಡ ಸತ್ತ ಮೇಲೆ, ಮುತ್ತೈದೆಯರಿಗೆ ತುಂಬುವಂತೆ ಅವಳ ಉಡಿ ತುಂಬಿ ಕಳಿಸಿದ ಮನೆ ಒಂದೂ ಇಲ್ಲ. ವರ್ಷಕ್ಕೊಮ್ಮೆ ತುಂಬುತ್ತಿದ್ದದ್ದು ಹೊಲವೊಂದೇ.

ಬದುವಿನಾಚೆ ನಿಂತಿದ್ದ ಕಾರಿನಿಂದ ಬೀಜದ ಕಂಪನಿಯ ಹುಡುಗಿ ಸ್ನೇಹಲ ಇಳಿದು ಬಂದಳು. ವಿಜಯಪುರದವಳು, ಓದಿದವಳು, ಮಾತು ಮೆತ್ತಗೆ.

"ಅಜ್ಜಿ, ಸಿಟ್ಟಾಗಬ್ಯಾಡ್ರಿ. ಇದು ಟ್ರಯಲ್ ಜ್ವಾಳ ಐತ್ರಿ, ಪರೀಕ್ಷಾಕ್ಕ ಬೆಳದದ್ದು. ಒಂದ ಕಾಳೂ ಹೊರಗ ಹೋಗಂಗಿಲ್ಲ. ತಿನ್ನಂಗಿಲ್ಲ, ಬಿತ್ತಂಗಿಲ್ಲ. ಉಳದದ್ದನ್ನ ಸುಡತೀವ್ರಿ."

"ಸುಡತೀರಿ?" ತಿಪ್ಪವ್ವ ಉಡಿಯನ್ನು ಎದೆಗೆ ಒತ್ತಿಕೊಂಡಳು. "ಉಣ್ಣೂ ಜ್ವಾಳಾನ ಸುಡತೀರೇನವಾ?"

"ರೂಲ್ಸ್ ಹಂಗೈತ್ರಿ."

"ಅಕೀ ಕೂಡ ಏನ್ ಮಾತ್ರಿ ಮ್ಯಾಡಂ?" ಗೌಡ ಕೆಳಗಿಳಿದ. "ಮುಟ್ಟಬ್ಯಾಡ್ರಿ ಮತ್ತ, ಕೇರಿ ಮಂದಿ."

ಕೋಲಿನ ತುದಿಯನ್ನು ಉಡಿಗೆ ಚುಚ್ಚಿ ಜಗ್ಗಿದ. ಗಂಟು ಬಿಚ್ಚಿತು, ತೆನೆ ಉದುರಿದವು, ಹೆಗಲ ಮೇಲಿನ ಸೆರಗೂ ಜಾರಿತು. ಯಂತ್ರದ ನೆರಳಲ್ಲಿ ಕೂತಿದ್ದ ಗಂಡಸರು ಹಲ್ಲು ಕಿರಿದರು. ಸ್ನೇಹಲ ಮುಖ ಆ ಕಡೆ ಮಾಡಿ, ಪ್ಲಾಸ್ಟಿಕ್ ಚೀಲವೊಂದನ್ನು ಬಾಯಿ ತೆರೆದು ಹಿಡಿದಳು.

"ಎಲ್ಲಾ ಇದರಾಗ ಹಾಕಿಬಿಡ್ರಿ ಅಜ್ಜಿ."

ತಿಪ್ಪವ್ವ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು. ಇಷ್ಟು ದೊಡ್ಡ ಹೊಲದಲ್ಲಿ, ಬಿಡೋ ಗೌಡ, ಅನ್ನಲು ತನ್ನವರೆಂಬ ಒಂದು ಜೀವವಿಲ್ಲ. ದುಃಖ ಉಕ್ಕಿ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಅಲ್ಲೇ ಮಣ್ಣಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಒಂದು ತೆನೆ ಎತ್ತಿ ಅಂಗೈಯಲ್ಲಿ ಉಜ್ಜಿದಳು, ಹೊಟ್ಟು ಊದಿದಳು, ಕಾಳನ್ನೆಲ್ಲ ಬಾಯಿಗೆ ಸುರಿದುಕೊಂಡಳು.

"ಏ, ಉಗಳ ಬೇ! ಉಗಳ!" ಗೌಡ ಕೋಲೆತ್ತಿದ.

"ಅಜ್ಜೀ, ತಿನ್ನಂಗಿಲ್ರಿ ಅದನ್ನ!" ಸ್ನೇಹಲಳ ಕೈಯಿಂದ ಚೀಲ ಬಿತ್ತು.

ತಿಪ್ಪವ್ವ ಕಟಕಟ ಅಗಿದು ನುಂಗಿದಳು. ಮತ್ತೊಂದು ತೆನೆ ಎತ್ತಿಕೊಂಡಳು.

"ಹೊಡಿ ಗೌಡ. ಕಾಳ ನನ್ನ ಹೊಟ್ಟ್ಯಾಗ ಅದಾವು. ಸುಡೂದಿದ್ರ ನನ್ನೂ ಕೂಡೇ ಸುಡ್ರಿ. ಅದಕ್ಕೂ ಒಂದ ರೂಲ್ಸ್ ಇದ್ದೀತು, ನೋಡ್ರಿ."

ಕೋಲು ಎತ್ತಿದಲ್ಲೇ ನಿಂತಿತು. ಯಂತ್ರದ ನೆರಳಲ್ಲಿ ಯಾರೂ ನಗಲಿಲ್ಲ. ಒಣಕಾಳು ಗಂಟಲಿಗೆ ಸಿಕ್ಕು ತಿಪ್ಪವ್ವನಿಗೆ ಕೆಮ್ಮು ಒತ್ತಿ ಬಂತು, ಕಣ್ಣಲ್ಲಿ ನೀರಾಡಿತು. ಸ್ನೇಹಲಳ ಹೆಗಲಿಗೆ ನೀರಿನ ಬಾಟಲಿ ಜೋತಾಡುತ್ತಿತ್ತು. ಅವಳು ಕೊಡಲಿಲ್ಲ, ಇವಳು ಕೇಳಲೂ ಇಲ್ಲ. ಕೆಮ್ಮುತ್ತಲೇ ಮುಂದಿನ ತೆನೆ ಉಜ್ಜತೊಡಗಿದಳು.