ಬ್ರೋಕ್‌ನ ಕೊರಳಪಟ್ಟಿ

ಮೂರು ವರ್ಷ ನನ್ನ, ಮರದ ಬೀಜ ತಿನ್ನುವ ಜಾತಿಯ ಕೆಂಪು ತಿಗಣೆಗಳು ದೊಡ್ಡವಾಗಲೇ ಇಲ್ಲ. ಬ್ರನೋ ಊರಿನ ಲಿಂಡನ್ ಮರಗಳ ಬುಡದಿಂದ ಆರಿಸಿ ತಂದು ಪ್ರಯೋಗಾಲಯದಲ್ಲಿ ಸಾಕಿದ ಮರಿಗಳು, ಪೊರೆ ಕಳಚಿದರೂ ರೆಕ್ಕೆ ಮೂಡದೆ, ಮರಿಗಳಾಗಿಯೇ ಊದಿಕೊಂಡು ಸಾಯುತ್ತಿದ್ದವು.

"ನಿನ್ನ ಕೈಗುಣಾನೇ ಸರಿಯಿಲ್ಲ ಬಿಡು ಕ್ವೆತಾ," ಎಂದು ಪ್ರೊಫೆಸರ್ ಹ್ರುಬೆಶ್ ಎಲ್ಲರೆದುರು ನಗುತ್ತಿದ್ದರು. ಕೀಟಗಳನ್ನು ಮರಿಗಳಾಗಿಯೇ ಉಳಿಸುವ ಮದ್ದಿನ ಮೇಲೆ ಕೆಲಸ ಮಾಡಿ ಪದಕ ಗೆದ್ದವರು ಅವರು. ನಾನು ಪಾತ್ರೆ ಬದಲಿಸಿದೆ, ನೀರು ಬದಲಿಸಿದೆ, ಕೊನೆಗೆ ಕೈಗೆ ಹಚ್ಚುವ ಕ್ರೀಮನ್ನೂ ಬಿಟ್ಟೆ.

ನಿನ್ನೆ ಕೀಟಗಳ ಕೋಣೆಯಲ್ಲಿ ಮರಿಗಳ ಪಾತ್ರೆಗಳಿದ್ದ ಕಪಾಟು ಒರೆಸಲು ಬಗ್ಗಿದಾಗ, ಅವರ ನಾಯಿ ಬ್ರೋಕ್ ಎಂದಿನಂತೆ ಅದರಡಿ ಮಲಗಿತ್ತು. ಅಲ್ಲಿ ಬೆಚ್ಚಗಿರುತ್ತದೆಂದು ಪ್ರೊಫೆಸರರೇ ಅದನ್ನು ದಿನಾ ಬಿಟ್ಟುಹೋಗುತ್ತಿದ್ದರು. ನಾಯಿಯನ್ನು ಬಿಯರ್ ಅಂಗಡಿಗೂ ಕರೆದೊಯ್ಯುವ ಊರಿನಲ್ಲಿ ಯಾರೂ ಬೇಡವೆನ್ನಲಿಲ್ಲ, ನಾನೂ ಅನ್ನಲಿಲ್ಲ. ದಟ್ಟ ಕೂದಲಿನೊಳಗೆ, ಚಿಗಟ ಬಾರದಿರಲೆಂದು ಕಟ್ಟಿದ ಕೊರಳಪಟ್ಟಿ ಕಾಣಿಸಿತು. ಅದರ ಮೇಲೆ ಮದ್ದಿನ ಹೆಸರು ಅಚ್ಚಾಗಿತ್ತು. ಅದೇ, ಪದಕದ ಮದ್ದು.

ಪಟ್ಟಿ ಬಿಚ್ಚಿಕೊಂಡು ಹೋಗಿ ಅವರ ಕಾಫಿ ಲೋಟದ ಪಕ್ಕ ಎಸೆದೆ.

"ಓದಿ ಸಾರ್! ಮೂರು ವರ್ಷದಿಂದ ಇದನ್ನ ನನ್ನ ಮರಿಗಳ ಮಗ್ಗುಲಲ್ಲೇ ಮಲಗಿಸಿದೀರಿ!"

ಓದಿದರು. ಮುಖ ಬಾಡಲಿಲ್ಲ, ಕಣ್ಣರಳಿತು.

"ಮುಟ್ಟದೇನೇ ಇಷ್ಟು ಕೆಲಸ ಮಾಡುತ್ತಾ? ದೊಡ್ಡ ಸಂಶೋಧನೆ ಕಣಮ್ಮ ಇದು! ಇವತ್ತೇ ಬರೆಯೋಣ. ಮೊದಲ ಹೆಸರು ನಂದು, ಆಮೇಲೆ ನಿಂದು."

"ಮೊದಲ ಹೆಸರು ಬ್ರೋಕ್‌ದು ಹಾಕಿ ಸಾರ್," ಅಂದೆ. "ನಿಮ್ಮ ಕಡೆಯಿಂದ ಆ ಕೋಣೇಲಿ ದಿನಾ ಇದ್ದಿದ್ದು ಅದೊಂದೇ."